ಘಾಟ್‌ನ ಕ್ಯಾಮೆರಾಕ್ಕೂ ಒಂದು ನಿಯಮ ಬೇಕು

ವಾರಾಣಸಿಯ ಪೊಲೀಸ್ ಆಯುಕ್ತರಿಗೆ,

ಮಾನ್ಯರೇ,

ಕರ್ನಾಟಕದಿಂದ ಕಾಶಿಗೆ ಬಂದವರು ಜಂಗಮವಾಡಿ ಮಠದಲ್ಲೋ ಹನುಮಾನ್ ಘಾಟ್‌ನ ಕರ್ನಾಟಕ ಛತ್ರದಲ್ಲೋ ಗಂಟುಮೂಟೆ ಇಳಿಸಿ ದಶಾಶ್ವಮೇಧ ಘಾಟ್‌ಗೆ ಬರುತ್ತಾರೆ. ಅವರ ಪರವಾಗಿ ಈ ಪತ್ರ.

2010ರ ಡಿಸೆಂಬರ್ 7ರ ಸಂಜೆ, ಗಂಗಾರತಿಯ ಹೊತ್ತಿನಲ್ಲಿ, ಪಕ್ಕದ ಶೀತಲಾ ಘಾಟ್‌ನಲ್ಲಿ ಬಾಂಬ್ ಸಿಡಿಯಿತು. ಎಳೆಯ ಮಗುವೊಂದು ಸತ್ತಿತು. ಇದನ್ನು ನೆನಪಿನಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ. ಘಾಟ್‌ಗೆ ಕಾವಲು ಬೇಕು, ಕ್ಯಾಮೆರಾವೂ ಬೇಕು. ಕ್ಯಾಮೆರಾ ಕಂಡದ್ದು ಆಮೇಲೆ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಘಾಟ್‌ನಲ್ಲಿ ಜನ ಏನು ಮಾಡುತ್ತಾರೆಂಬುದು ನಿಮಗೆ ಗೊತ್ತು. ಅಪ್ಪನ ಅಸ್ಥಿ ಬಿಟ್ಟು ತಲೆ ಬೋಳಿಸಿಕೊಂಡ ಮಗ ಬಿಕ್ಕಿ ಅಳುತ್ತಾನೆ. ಮಿಂದೆದ್ದ ಹೆಂಗಸು ಒದ್ದೆ ಸೀರೆ ಬದಲಿಸುವಾಗ ಜೊತೆಗೆ ಬಂದವರು ಸುತ್ತ ಪಂಚೆ ಹಿಡಿದು ನಿಲ್ಲುತ್ತಾರೆ. ಕಂಬದ ಮೇಲಿನ ಕ್ಯಾಮೆರಾಕ್ಕೆ ಆ ಪಂಚೆ ಅಡ್ಡ ಬರುವುದಿಲ್ಲ. ರಾಜಕೋಟ್‌ನ ಆಸ್ಪತ್ರೆಯೊಂದರ ಸಿಸಿಟಿವಿಯಿಂದ ಮಹಿಳಾ ರೋಗಿಗಳ ದೃಶ್ಯಗಳನ್ನು ಕದ್ದು ಮಾರಿದ ಪ್ರಕರಣ 2025ರ ಫೆಬ್ರುವರಿಯಲ್ಲಿ ಬಯಲಾದ ಮೇಲೆ, ಇದು ಬರೀ ಊಹೆಯ ಭಯವಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದರು. ಆ ಮೊಕದ್ದಮೆ ಹೂಡಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಭದ್ರತೆಗಾಗಿ ಈ ಹಕ್ಕನ್ನು ಮೊಟಕುಗೊಳಿಸಬಹುದು, ಆದರೆ ಅದಕ್ಕೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಅಗತ್ಯಕ್ಕಿಂತ ಹೆಚ್ಚು ಕಸಿಯಬಾರದು. ತೀರ್ಪಿನ ತಿರುಳು ಇದು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅಪರಾಧ ತಡೆ ಮತ್ತು ತನಿಖೆಯ ಕೆಲಸಕ್ಕೆ ದೊಡ್ಡ ವಿನಾಯಿತಿ ಕೊಟ್ಟಿದೆ. ಕೇಂದ್ರ ಹೆಸರಿಸುವ ಸಂಸ್ಥೆಗಳನ್ನು ಭದ್ರತೆಯ ಹೆಸರಿನಲ್ಲಿ ಪೂರ್ತಿಯಾಗಿ ಹೊರಗಿಡಲೂ ಅದರಲ್ಲಿ ದಾರಿಯಿದೆ. ಇಷ್ಟು ಸಡಿಲ ಬಿಟ್ಟದ್ದು ತಪ್ಪೆಂದೇ ನನ್ನ ಅಭಿಪ್ರಾಯ. ಆದರೆ ಕಾಯ್ದೆ ಕೇಳದಿದ್ದರೂ ಜನರಿಗೆ ಲೆಕ್ಕ ಒಪ್ಪಿಸಬೇಡಿ ಎಂದು ಯಾರೂ ನಿಮ್ಮ ಕೈ ಕಟ್ಟಿಲ್ಲ.

ಯಾತ್ರಿಕರ ಖಾಸಗಿತನದ ಪ್ರಶ್ನೆ ಕ್ಯಾಮೆರಾಕ್ಕಷ್ಟೇ ಸೀಮಿತವಲ್ಲ, ಅವರಿಂದ ಪಡೆದು ಲಾಡ್ಜುಗಳಲ್ಲಿ ಪೇರಿಸಿಟ್ಟ ಆಧಾರ್ ಜೆರಾಕ್ಸ್‌ಗಳ ಕಡೆಗೂ ಒಮ್ಮೆ ನೋಡಿ. ಅವನ್ನು ಕಂಡಕಂಡಲ್ಲಿ ಕೊಡಬೇಡಿರೆಂದು ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ 2022ರ ಮೇ ತಿಂಗಳಲ್ಲಿ ಎಚ್ಚರಿಸಿತ್ತು. ಎರಡೇ ದಿನದಲ್ಲಿ ಆ ಪ್ರಕಟಣೆಯನ್ನು ವಾಪಸ್ ಪಡೆಯಲಾಯಿತು. ಜೆರಾಕ್ಸ್ ಕೊಡುವ ರೂಢಿ ಮಾತ್ರ ನಿಲ್ಲಲಿಲ್ಲ.

ಕ್ಯಾಮೆರಾದ ಮಾತಿಗೆ ಮರಳಿದರೆ, ದಯವಿಟ್ಟು ಘಾಟ್‌ನಲ್ಲಿ ಒಂದು ಫಲಕ ಹಾಕಿಸಿ. ದೃಶ್ಯಗಳನ್ನು ಎಷ್ಟು ದಿನ ಇಡುತ್ತೀರಿ, ಯಾರು ನೋಡಬಹುದು, ಮುಖಗಳನ್ನು ಗುರುತಿಸುವುದಾದರೆ ಯಾವ ಪಟ್ಟಿಯೊಂದಿಗೆ ತಾಳೆ ನೋಡುತ್ತೀರಿ, ತಪ್ಪಾದರೆ ದೂರು ಎಲ್ಲಿ ಕೊಡಬೇಕು, ಇಷ್ಟನ್ನು ಬರೆಸಿ. ಹಿಂದಿಯ ಜೊತೆಗೆ ಕನ್ನಡ, ತಮಿಳು, ತೆಲುಗು, ಬಂಗಾಳಿಯಲ್ಲೂ ಇರಲಿ. ಬಟ್ಟೆ ಬದಲಿಸುವ ಜಾಗಗಳತ್ತ ಕ್ಯಾಮೆರಾ ತಿರುಗದಂತೆ ಇಂದೇ ಆದೇಶ ಕೊಡಿ.

ಇಂತಿ,
ಕರ್ನಾಟಕದ ಒಬ್ಬ ನಾಗರಿಕ