ಮಕ್ಕಳ ಮುಂದೆ ಕೊಟ್ಟ ಮಾತು

ಭೂಗೋಳದ ಪಾಠವೆಂದರೆ ನಮ್ಮಲ್ಲಿ ಬಹುಮಟ್ಟಿಗೆ ಹೆಸರುಗಳ ಪಟ್ಟಿ. ಯಾವ ದೇಶದಲ್ಲಿ ಯಾವ ಖನಿಜ, ಯಾವ ಬೆಳೆ ಎಂಬುದನ್ನು ವಿದ್ಯಾರ್ಥಿ ಕಂಠಪಾಠ ಮಾಡುತ್ತಾನೆ. ಆ ಸಂಪತ್ತು ಎಷ್ಟು ಕಾಲ ಉಳಿದೀತು, ಅದು ಯಾರಿಗೆ ಸೇರಿದ್ದು ಎಂಬ ಪ್ರಶ್ನೆ ಮಾತ್ರ ಪರೀಕ್ಷೆಯಲ್ಲಿ ಬರುವುದಿಲ್ಲ. ಶಾಂತಸಾಗರದ ಎರಡು ಪುಟ್ಟ ರಾಷ್ಟ್ರಗಳಿಗಾದರೋ ಇದೇ ಅಳಿವು ಉಳಿವಿನ ಪ್ರಶ್ನೆಯಾಗಿದೆ.

ಮೊದಲನೆಯದು ನೌರು. ಅದರ ವಿಸ್ತಾರ ಕೇವಲ 21 ಚದರ ಕಿಲೋಮೀಟರು. ಅಲ್ಲಿ ಫಾಸ್ಫೇಟಿನ ನಿಕ್ಷೇಪವಿದೆಯೆಂದು 1900ರಲ್ಲಿ ತಿಳಿದುಬಂತು. ಮುಂದಿನ ದಶಕಗಳಲ್ಲಿ ಆ ನೆಲವನ್ನು ಅಗೆದು ಆಸ್ಟ್ರೇಲಿಯ, ನ್ಯೂಜಿಲೆಂಡುಗಳ ಹೊಲಗಳಿಗೆ ಗೊಬ್ಬರವಾಗಿ ಸಾಗಿಸಿದರು. 1968ರಲ್ಲಿ ಸ್ವತಂತ್ರವಾದ ಮೇಲೆ ನೌರು ತಾನೂ ಅದನ್ನೇ ಮುಂದುವರಿಸಿತು. ಕೆಲವು ಕಾಲ ಅಲ್ಲಿಯ ತಲಾ ಆದಾಯ ಜಗತ್ತಿನಲ್ಲೇ ಅತ್ಯುಚ್ಚವಾದವುಗಳಲ್ಲಿ ಒಂದಾಗಿತ್ತು. ನಿಕ್ಷೇಪ ಬರಿದಾಯಿತು, ಕೂಡಿಟ್ಟ ಹಣವೂ ತಪ್ಪು ಹೂಡಿಕೆಗಳಲ್ಲಿ ಕರಗಿತು. ದ್ವೀಪದ ನಡುಭಾಗದಲ್ಲಿ ಉಳಿದದ್ದು ಸುಣ್ಣಕಲ್ಲಿನ ಮೊನಚು ಕಂಬಗಳು. ಜನ ಕರಾವಳಿಯ ಅಂಚಿನಲ್ಲಿ ಬಾಳುತ್ತಿದ್ದಾರೆ. ನೌರು 1989ರಲ್ಲಿ ಆಸ್ಟ್ರೇಲಿಯದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. 1993ರಲ್ಲಿ ಪರಿಹಾರದ ಒಪ್ಪಂದವಾಯಿತು. ಆದರೆ ಹಣ ಬಂದ ಮಾತ್ರಕ್ಕೆ ಹೋದ ಮಣ್ಣು ಮರಳಿ ಬರುವುದೆ?

ಎರಡನೆಯದು ಪಲಾವ್ ಗಣರಾಜ್ಯ, 1994ರಲ್ಲಿ ಸ್ವತಂತ್ರವಾದ ದ್ವೀಪಸಮೂಹ. ಮೀನು ಕಡಿಮೆಯಾದಾಗ ಹವಳದ ದಿಬ್ಬವೊಂದನ್ನು ಕೆಲಕಾಲ ಮುಟ್ಟಬಾರದೆಂದು ಊರ ಮುಖಂಡರು ವಿಧಿಸುವ ‘ಬುಲ್’ ಎಂಬ ಕಟ್ಟಳೆ ಅಲ್ಲಿ ಹಿಂದಿನಿಂದಲೂ ಉಂಟು. ಕೊಡಗಿನ ದೇವರಕಾಡನ್ನೂ ಶೃಂಗೇರಿಯ ತುಂಗೆಯ ಮೀನುಗಳನ್ನೂ ಬಲ್ಲವರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ಈ ಹಳೆಯ ವಿವೇಕವನ್ನೇ ಪಲಾವ್ ಕಾನೂನಾಗಿಸಿತು. 2009ರಲ್ಲಿ ಶಾರ್ಕ್ ಮೀನುಗಳಿಗೆ ತನ್ನ ಕಡಲನ್ನು ಅಭಯಧಾಮವೆಂದು ಸಾರಿತು. 2015ರ ಶಾಸನ ಆರ್ಥಿಕ ವಲಯದ ಶೇಕಡ 80ರಷ್ಟು ಕಡಲನ್ನು ಮೀನುಗಾರಿಕೆಯಿಂದ ಮುಕ್ತವಾಗಿರಿಸಿತು; ಅದು 2020ರ ಜನವರಿ 1ರಂದು ಜಾರಿಗೆ ಬಂತು. 2017ರಲ್ಲಿ ಇನ್ನೊಂದು ವಿಶೇಷ ನಡೆಯಿತು: ಅಲ್ಲಿಗೆ ಬರುವ ಪ್ರತಿಯೊಬ್ಬ ಪ್ರವಾಸಿಯ ಪಾಸ್‌ಪೋರ್ಟಿನಲ್ಲಿ ಒಂದು ಪ್ರತಿಜ್ಞೆಯ ಮುದ್ರೆ ಒತ್ತುವ ಪದ್ಧತಿ ಆರಂಭವಾಯಿತು. ಅದನ್ನು ರಚಿಸುವಲ್ಲಿ ಅಲ್ಲಿಯ ಮಕ್ಕಳು ನೆರವಾದರು. ಅದರ ಸಂಬೋಧನೆಯೂ ಮಕ್ಕಳಿಗೇ. ದ್ವೀಪಕ್ಕೆ ಕೇಡು ಮಾಡೆನೆಂದು ಪ್ರವಾಸಿ ಅದಕ್ಕೆ ಸಹಿ ಹಾಕಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಾವು ಸಾಮಾನ್ಯವಾಗಿ ಮಗುವಿನಿಂದ ಪ್ರತಿಜ್ಞೆ ಮಾಡಿಸುತ್ತೇವೆ. ಅಲ್ಲಿ ಹಿರಿಯನು ಮಗುವಿಗೆ ಮಾತು ಕೊಡುತ್ತಾನೆ. ಮಗು ಉಪದೇಶವನ್ನು ಕೇಳುವ ಶಿಷ್ಯನಾಗಿ ಉಳಿಯದೆ, ಲೆಕ್ಕ ಕೇಳುವ ವಾರಸುದಾರನಾಗುತ್ತದೆ.

ಆದರೆ ಮಾತಿನ ಬೆಲೆ ತಿಳಿಯುವುದು ಕಷ್ಟಕಾಲದಲ್ಲಿ. ಮೀಸಲು ಜಾರಿಗೆ ಬಂದ ವರ್ಷವೇ ಕೋವಿಡ್ ಬಂದು ಪ್ರವಾಸಿಗಳು ನಿಂತುಹೋದರು. ವಿದೇಶೀ ದೋಣಿಗಳ ಪರವಾನಗಿ ಶುಲ್ಕದ ಆಸೆ ಸಹಜವಾಗಿಯೇ ಬಲವಾಯಿತು. ಮೀಸಲನ್ನು ಕುಗ್ಗಿಸಬೇಕೆಂಬ ವಾದವೂ ಅಲ್ಲಿ ಎದ್ದಿದೆ. ಆ ವಾದವನ್ನು ಕೇವಲ ಲೋಭವೆಂದು ತಳ್ಳಿಹಾಕುವಂತಿಲ್ಲ. ಶಾಲೆ, ಆಸ್ಪತ್ರೆಗಳಿಗೂ ಹಣ ಬೇಕು. ಅದಲ್ಲದೆ, ಕಡಲು ಕಾದು 1998ರಲ್ಲಿ ಪಲಾವಿನ ಹವಳಗಳು ಬಿಳಿಚಿ ಸತ್ತದ್ದು ಆ ಮಕ್ಕಳ ತಪ್ಪಿನಿಂದಲ್ಲ. ದೂರದ ದೊಡ್ಡ ದೇಶಗಳ ಹೊಗೆಗೆ ಯಾವ ವಿಮಾನ ನಿಲ್ದಾಣದಲ್ಲಿ ಮುದ್ರೆ ಒತ್ತುವುದು?

ಆದುದರಿಂದ ನಿಸರ್ಗಪ್ರೇಮವನ್ನು ಬೋಧಿಸಿದರೆ ಸಾಲದು. ಮಕ್ಕಳಿಗೆ ಈ ಲೆಕ್ಕವನ್ನೂ ಕಲಿಸಬೇಕು. ನೌರುವಿನ ಕಥೆಯನ್ನು ಮರೆಮಾಚದೆ ಹೇಳಬೇಕು, ಪಲಾವಿನ ಇಕ್ಕಟ್ಟನ್ನು ಅವರೇ ಚರ್ಚಿಸಲೆಂದು ಬಿಡಬೇಕು. ಒಂದು ತಲೆಮಾರಿನ ಆದಾಯ ಮುಂದಿನ ತಲೆಮಾರಿನ ಬಂಡವಾಳವನ್ನು ತಿಂದು ಬಂದದ್ದೆ ಎಂದು ಕೇಳಬಲ್ಲ ವಿದ್ಯಾರ್ಥಿಯೇ ಆ ಪಾಠದ ಫಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆ ಮಾತ್ರ ಹಿರಿಯರದು.