ಕಣ್ಣು ಯಾರ ಮೇಲೆ? ದೆಹಲಿಯ ಹೊಗೆ ಮತ್ತು ಪ್ರಜೆಯ ಮೊಬೈಲು

2025ರ ದೀಪಾವಳಿಯ ದಿನ ದೆಹಲಿಯ ಗಾಳಿಯಲ್ಲಿ ಎಷ್ಟು ವಿಷ ತುಂಬಿತ್ತು ಎಂಬ ಪ್ರಶ್ನೆಗೆ ಪೂರ್ಣವಾದ ಉತ್ತರ ಸಿಗುವುದು ಕಷ್ಟ. ಅಳೆಯಬೇಕಾಗಿದ್ದ ಯಂತ್ರಗಳಲ್ಲಿ ಬಹುಪಾಲು ಅಂದು ಮಧ್ಯೆ ಮಧ್ಯೆ ಮೌನವಾಗಿದ್ದವು. ನಗರದ 37 ಮಾಪನ ಕೇಂದ್ರಗಳಲ್ಲಿ ನಿರಂತರವಾಗಿ ಕೆಲಸ ಮಾಡಿದ್ದು ಕೇವಲ 9 ಎಂಬ ಪತ್ರಿಕಾ ವರದಿಗಳನ್ನು, ನ್ಯಾಯಾಲಯಕ್ಕೆ ನೆರವಾಗುತ್ತಿರುವ ಹಿರಿಯ ವಕೀಲೆ ಅಪರಾಜಿತಾ ಸಿಂಗ್ ಅವರು ನವೆಂಬರ್ 3ರಂದು ಸುಪ್ರೀಂ ಕೋರ್ಟಿನ ಗಮನಕ್ಕೆ ತಂದರು. ಹಸಿರು ಪಟಾಕಿಗೆ ಅಕ್ಟೋಬರ್ 15ರಂದು ಅನುಮತಿ ನೀಡಿದ್ದ ನ್ಯಾಯಾಲಯವೇ, ಅದರ ಪರಿಣಾಮವನ್ನು ಅಳೆದು ತಿಳಿಸುವಂತೆಯೂ ಹೇಳಿತ್ತು. ಅಳತೆಗೋಲೇ ಇಲ್ಲದಿದ್ದರೆ ಪರಿಣಾಮವನ್ನು ತಿಳಿಯುವುದೆಂತು?

ಇದಾದ ಒಂದು ತಿಂಗಳೊಳಗೆ, ನವೆಂಬರ್ 28ರಂದು, ಕೇಂದ್ರ ದೂರಸಂಪರ್ಕ ಇಲಾಖೆ ಒಂದು ನಿರ್ದೇಶನ ಹೊರಡಿಸಿತು. ಭಾರತದಲ್ಲಿ ಮಾರಾಟವಾಗುವ ಪ್ರತಿಯೊಂದು ಹೊಸ ಮೊಬೈಲಿನಲ್ಲೂ ‘ಸಂಚಾರ್ ಸಾಥಿ’ ಎಂಬ ಸರ್ಕಾರಿ ಆ್ಯಪ್ ಮೊದಲೇ ಅಳವಡಿಕೆಯಾಗಿರಬೇಕು, ಅದರ ಕಾರ್ಯಗಳನ್ನು ಯಾರೂ ನಿಷ್ಕ್ರಿಯಗೊಳಿಸುವಂತಿರಬಾರದು, ಈಗಾಗಲೇ ತಯಾರಾಗಿರುವ ಮೊಬೈಲುಗಳಿಗೂ ಅಪ್‌ಡೇಟ್ ಮೂಲಕ ಅದನ್ನು ತಲುಪಿಸಲು ಯತ್ನಿಸಬೇಕು. ಕಂಪನಿಗಳಿಗೆ ಕೊಟ್ಟ ಅವಧಿ 90 ದಿನ.

ಪತ್ರಿಕೆಗಳು ಈ ಎರಡು ಸುದ್ದಿಗಳನ್ನು ಬೇರೆ ಬೇರೆ ಪುಟಗಳಲ್ಲಿ ಮುದ್ರಿಸಿದವು. ಒಂದು ಪರಿಸರದ್ದು, ಇನ್ನೊಂದು ತಂತ್ರಜ್ಞಾನದ್ದು. ನಮಗಾದರೋ ಅವು ಒಂದೇ ಸುದ್ದಿಯ ಎರಡು ಮುಖಗಳಾಗಿ ಕಂಡವು. ಸರ್ಕಾರವೆಂದ ಮೇಲೆ ಅದಕ್ಕೆ ಕಣ್ಣು ಬೇಕು. ಕಣ್ಣಿಲ್ಲದ ಆಡಳಿತ ಯಾರಿಗೂ ಹಿತವಲ್ಲ. ಆದರೆ ಆ ಕಣ್ಣು ಎತ್ತ ತೆರೆದಿರುತ್ತದೆ, ಎತ್ತ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಪ್ರಜೆಗಳಾದ ನಾವು ಕೇಳಲೇಬೇಕಾಗಿದೆ. ನಮ್ಮ ನಾಡಿನ ಅನೇಕ ಮನೆಗಳ ಮಕ್ಕಳು ಇಂದು ದೆಹಲಿ, ನೋಯ್ಡಾ, ಗುರುಗ್ರಾಮಗಳಲ್ಲಿ ಉದ್ಯೋಗದಲ್ಲಿದ್ದಾರೆ. ಅವರು ಉಸಿರಾಡುವ ಗಾಳಿ ನಮಗೆ ದೂರದ ಸಂಗತಿಯಲ್ಲ.

ಮೊದಲು ಗಾಳಿಯ ಮಾತು. ಪಿಎಂ 2.5 ಎಂದು ಕರೆಯುವ ಸೂಕ್ಷ್ಮ ಕಣಗಳು ತಲೆಗೂದಲಿನ ದಪ್ಪಕ್ಕಿಂತ ಇಪ್ಪತ್ತು ಮೂವತ್ತು ಪಟ್ಟು ಚಿಕ್ಕವು. ಮೂಗಿನ ರೋಮಗಳಾಗಲಿ ಗಂಟಲಿನ ಕಫವಾಗಲಿ ಅವನ್ನು ತಡೆಯಲಾರವು. ಅವು ಶ್ವಾಸಕೋಶದ ಆಳಕ್ಕಿಳಿದು ರಕ್ತವನ್ನೂ ಸೇರುತ್ತವೆ. ಇಂತಹ ಕಣಗಳು ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 5 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ನಮ್ಮ ದೇಶವು 2009ರಲ್ಲಿ ಗೊತ್ತುಪಡಿಸಿಕೊಂಡ ಮಿತಿ 40. ಎಂಟು ಪಟ್ಟು ಸಡಿಲವಾದ ಈ ಮಿತಿಯನ್ನೂ ದೆಹಲಿ ವರ್ಷವರ್ಷವೂ ಮೀರುತ್ತಿದೆ. ಇನ್ನು ನಮ್ಮ ವಾಯು ಗುಣಮಟ್ಟ ಸೂಚ್ಯಂಕ 500ಕ್ಕೆ ನಿಂತುಬಿಡುತ್ತದೆ. ಗಾಳಿ ಅದಕ್ಕಿಂತ ಕೆಟ್ಟರೂ ಸರ್ಕಾರಿ ಲೆಕ್ಕದಲ್ಲಿ ಏರುವುದಿಲ್ಲ.

ಮಾಪನ ಕೇಂದ್ರಗಳ ಸುತ್ತ ಟ್ಯಾಂಕರ್‌ಗಳು ನೀರು ಸಿಂಪಡಿಸುವ ವಿಡಿಯೊಗಳು ಆ ದಿನಗಳಲ್ಲಿ ಹರಿದಾಡಿದವು. ಅಂಕಿಯನ್ನು ತಗ್ಗಿಸುವ ತಂತ್ರವಿದೆಂದು ವಿರೋಧ ಪಕ್ಷದವರು ಆಪಾದಿಸಿದರು. ನಗರದ ಎಲ್ಲೆಡೆಯೂ ಸಿಂಪಡಿಸುತ್ತಿದ್ದೇವೆಂದು ಸರ್ಕಾರ ಉತ್ತರಿಸಿತು. ಸತ್ಯ ಯಾರ ಕಡೆಗಿದೆಯೆಂಬ ತೀರ್ಪು ಕೊಡುವವರು ನಾವಲ್ಲ. ಆದರೆ ಜ್ವರ ಬಂದವನಿಗಿಂತ ಥರ್ಮಾಮೀಟರಿನ ಮೇಲೆಯೇ ಜನರಿಗೆ ಅನುಮಾನ ಹುಟ್ಟುವಂತಾದದ್ದು ಸಣ್ಣ ಅವನತಿಯಲ್ಲ. ಅಕ್ಟೋಬರ್ 28ರಂದು ಐಐಟಿ ಕಾನ್ಪುರದ ನೆರವಿನೊಡನೆ ಮೋಡ ಬಿತ್ತನೆಯನ್ನೂ ಮಾಡಿ ನೋಡಿದರು. ಮೋಡದಲ್ಲಿ ತೇವವೇ ಸಾಲದೆ ಮಳೆ ಬರಲಿಲ್ಲ. ಅದೇ ಹೊತ್ತಿನಲ್ಲಿ ಮಾಲಿನ್ಯ ನಿಯಂತ್ರಿಸಬೇಕಾದ ದೆಹಲಿಯ ಸಮಿತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹುದ್ದೆಗಳು ಖಾಲಿಯಿದ್ದುದನ್ನು ಕಂಡು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲೇ ಆಘಾತ ವ್ಯಕ್ತಪಡಿಸಿತ್ತು. ವಿಮಾನ ಹಾರಿಸುವುದಕ್ಕಿಂತ ಹುದ್ದೆ ತುಂಬುವುದು ಸುಲಭವಿತ್ತು ಎಂದು ನಮಗೆ ತೋರುತ್ತದೆ. ಆದರೆ ಹುದ್ದೆ ತುಂಬುವುದರ ಚಿತ್ರವನ್ನು ಟಿ.ವಿ.ಯವರು ತೋರಿಸುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಸಂಸತ್ತಿನಲ್ಲಿ ದೊರೆತ ಉತ್ತರಗಳು ಇನ್ನೂ ವಿಸ್ಮಯಕಾರಿ. ದೆಹಲಿಯ 6 ಸರ್ಕಾರಿ ಆಸ್ಪತ್ರೆಗಳಲ್ಲಿ 2022ರಿಂದ 2024ರವರೆಗೆ ತೀವ್ರ ಉಸಿರಾಟದ ತೊಂದರೆಯ 2 ಲಕ್ಷಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವೆಂದೂ, 30 ಸಾವಿರಕ್ಕೂ ಹೆಚ್ಚು ಜನರನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳಬೇಕಾಯಿತೆಂದೂ ಡಿಸೆಂಬರ್ ಆರಂಭದಲ್ಲಿ ಸರ್ಕಾರವೇ ತಿಳಿಸಿತು. ಅದೇ ತಿಂಗಳ 18ರಂದು ಪರಿಸರ ಖಾತೆಯ ರಾಜ್ಯ ಸಚಿವ ಕೀರ್ತಿವರ್ಧನ್ ಸಿಂಗ್ ಅವರು ರಾಜ್ಯಸಭೆಗೆ ನೀಡಿದ ಉತ್ತರದಲ್ಲಿ, ಸೂಚ್ಯಂಕದ ಏರಿಕೆಗೂ ಶ್ವಾಸಕೋಶದ ರೋಗಗಳಿಗೂ ನೇರ ಸಂಬಂಧವನ್ನು ಸ್ಥಾಪಿಸುವ ನಿರ್ಣಾಯಕ ದತ್ತಾಂಶವಿಲ್ಲವೆಂದರು. ಉಸಿರಾಟದ ಕಾಯಿಲೆಗಳನ್ನು ಪ್ರಚೋದಿಸುವ ಕಾರಣಗಳಲ್ಲಿ ಮಾಲಿನ್ಯವೂ ಒಂದೆಂದು ಜೊತೆಗೆ ಒಪ್ಪಿಕೊಂಡರು. ‘ನೇರ’ ಮತ್ತು ‘ನಿರ್ಣಾಯಕ’ ಎಂಬ ಎರಡು ವಿಶೇಷಣಗಳು ಇಲ್ಲಿ ಮಾಡುತ್ತಿರುವ ಕೆಲಸವನ್ನು ಭಾಷೆ ಬಲ್ಲವರು ಗಮನಿಸಬೇಕು. ಯಾವ ಒಬ್ಬ ರೋಗಿಯ ಎದೆಯನ್ನು ಸೀಳಿ ನೋಡಿದರೂ ಇದು ಇಂತಹ ದಿನದ ಹೊಗೆಯೆಂದು ಬರೆದಿರುವುದಿಲ್ಲ. ಬೀಡಿಗೂ ಕ್ಯಾನ್ಸರಿಗೂ ಇರುವ ನಂಟನ್ನು ಅಲ್ಲಗಳೆಯಲು ಒಂದು ಕಾಲದಲ್ಲಿ ತಂಬಾಕು ವ್ಯಾಪಾರಿಗಳು ಬಳಸಿದ್ದು ಇದೇ ವಾದಸರಣಿಯನ್ನು. ಸೂಚ್ಯಂಕದ ‘ತೀವ್ರ’ ಎಂಬ ವರ್ಗಕ್ಕೆ ಎದುರಾಗಿ, ಆರೋಗ್ಯವಂತರಿಗೂ ಹಾನಿಯೆಂದು ಬರೆದಿರುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯೇ ಅಲ್ಲವೆ?

ಇಂತಹ ಸನ್ನಿವೇಶದಲ್ಲಿ ಜನ ಬೀದಿಗಿಳಿಯದೆ ಇನ್ನೇನು ಮಾಡಿಯಾರು? ನವೆಂಬರ್ 9ರ ಭಾನುವಾರ ಸಂಜೆ ಇಂಡಿಯಾ ಗೇಟ್ ಬಳಿ ಸೇರಿದವರಲ್ಲಿ ತಂದೆತಾಯಿಗಳಿದ್ದರು, ಅವರ ಮಕ್ಕಳಿದ್ದರು. ಶುದ್ಧ ಗಾಳಿ ಕೊಡಿ ಎಂಬುದೇ ಅವರ ಬೇಡಿಕೆ. ಅನುಮತಿಯಿಲ್ಲ, ಪ್ರತಿಭಟನೆಗೆ ಗೊತ್ತುಪಡಿಸಿರುವ ಸ್ಥಳ ಜಂತರ್ ಮಂತರ್ ಎಂದ ಪೊಲೀಸರು ಹಲವರನ್ನು ಬಸ್ಸುಗಳಲ್ಲಿ ತುಂಬಿ ಕರೆದೊಯ್ದರು. ನವೆಂಬರ್ 23ರ ಪ್ರತಿಭಟನೆಯ ಕಥೆ ಬೇರೆ. ಅಂದು ತಮ್ಮ ಮೇಲೆ ಮೆಣಸಿನ ಸ್ಪ್ರೇ ಬಳಸಲಾಯಿತೆಂದೂ, ಕೆಲದಿನಗಳ ಹಿಂದೆ ಹತನಾಗಿದ್ದ ಮಾವೊವಾದಿ ನಾಯಕ ಹಿಡ್ಮಾನ ಪರ ಘೋಷಣೆ ಕೂಗಲಾಯಿತೆಂದೂ ಪೊಲೀಸರು ಹೇಳಿ ಇಪ್ಪತ್ತಕ್ಕೂ ಹೆಚ್ಚು ಜನರನ್ನು ಬಂಧಿಸಿದರು. ಕರ್ತವ್ಯನಿರತ ಪೇದೆಯ ಕಣ್ಣಿಗೆ ಮೆಣಸು ಎರಚಿದವರಿದ್ದರೆ ಅವರು ಕಾನೂನಿಗೆ ಉತ್ತರಿಸಲಿ. ಅದರಲ್ಲಿ ನಮಗೆ ಎರಡು ಮಾತಿಲ್ಲ. ಬಂದೂಕನ್ನು ಕೊಂಡಾಡುವ ಘೋಷಣೆಯಿಂದ ಗಾಳಿಯ ಬೇಡಿಕೆಗೆ ಅಪಚಾರವಾಯಿತೆಂಬುದನ್ನೂ ಹೇಳಬೇಕು. ಅಂದಿನಿಂದ ಟಿ.ವಿ. ಚರ್ಚೆಗಳಲ್ಲಿ ಹೊಗೆ ಹಿಂದಕ್ಕೆ ಸರಿದು ಘೋಷಣೆಯೇ ಮುಂದೆ ಬಂತು. ಆದರೆ 9ರ ಸಂಜೆ ಮಗುವಿನ ಕೈಹಿಡಿದು ಬಂದಿದ್ದ ತಾಯಿ ಯಾವ ಘೋಷಣೆ ಕೂಗಿದ್ದಳೆಂದು ಬಸ್ಸು ಹತ್ತಿಸಿದರು?

ಜಂತರ್ ಮಂತರಿನದೂ ಒಂದು ಕಥೆಯಿದೆ, ಹೇಳದಿದ್ದರೆ ಅಪೂರ್ಣವಾದೀತು. 2017ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಅಲ್ಲಿನ ಧರಣಿಗಳನ್ನು ನಿಲ್ಲಿಸುವಂತೆ ಆದೇಶಿಸಿತ್ತು. ಕಾರಣವೇನೆಂದರೆ ಶಬ್ದಮಾಲಿನ್ಯ! ಮರುವರ್ಷದ ಜುಲೈಯಲ್ಲಿ ಸುಪ್ರೀಂ ಕೋರ್ಟು ಸಂಪೂರ್ಣ ನಿಷೇಧ ಸಲ್ಲದೆಂದು ಹೇಳಿದ ಮೇಲೆಯೇ ಜನರ ಕೊರಳಿಗೆ ಅಲ್ಲಿ ಮತ್ತೆ ಎಡೆ ದೊರೆಯಿತು. ಪರಿಸರವನ್ನು ಕಾಯಲು ಹುಟ್ಟಿದ ಸಂಸ್ಥೆಯೇ ಪರಿಸರದ ಹೆಸರಿನಲ್ಲಿ ಪ್ರಜೆಯ ಬಾಯಿ ಮುಚ್ಚಿಸಿದ್ದು ಮರೆಯುವಂಥದ್ದಲ್ಲ.

ಈಗ ಮೊಬೈಲಿನ ಮಾತಿಗೆ ಬರೋಣ. ಸಂಚಾರ್ ಸಾಥಿ ನಿಷ್ಪ್ರಯೋಜಕವಲ್ಲ. ಕಳುವಾದ ಮೊಬೈಲನ್ನು ಅದರ ಮೂಲಕ ತಡೆಹಿಡಿಯಬಹುದು. ನಮ್ಮ ಹೆಸರಿನಲ್ಲಿ ಬೇರೆ ಯಾರಾದರೂ ಸಿಮ್ ಪಡೆದಿದ್ದರೆ ತಿಳಿಯಬಹುದು. ಸೈಬರ್ ವಂಚಕರ ಮಾತಿಗೆ ಮರುಳಾಗಿ ನಿವೃತ್ತಿಯ ಹಣವನ್ನೆಲ್ಲ ಕಳೆದುಕೊಂಡ ಹಿರಿಯರ ಸುದ್ದಿಯನ್ನು ದಿನವೂ ಓದುತ್ತಿರುವಾಗ ಇಂತಹ ಸಾಧನ ಬೇಡವೆನ್ನುವವರು ಯಾರು? ತಾನಾಗಿಯೇ 1.4 ಕೋಟಿ ಜನ ಅದನ್ನು ಇಳಿಸಿಕೊಂಡಿದ್ದಾರೆಂದು ಸರ್ಕಾರವೇ ಹೇಳಿದೆ. ಪ್ರಶ್ನೆ ಇರುವುದು ಬೇರೆ ಕಡೆ. ಬೇಕೆಂದವರು ಬಾಗಿಲು ತೆರೆದು ಕರೆದುಕೊಳ್ಳುವ ಕಾವಲುಗಾರನಿಗೂ, ಮನೆ ಕಟ್ಟುವಾಗಲೇ ಒಳಗೆ ಕೂರಿಸಿ ಹೊರಗೆ ಕಳಿಸಲಾಗದಂತೆ ಮಾಡಿದ ಕಾವಲುಗಾರನಿಗೂ ಅಂತರವಿಲ್ಲವೆ? ಇಂದು ಸಿಮ್ ನೋಡುವ ಆ್ಯಪ್ ನಾಳೆಯ ಅಪ್‌ಡೇಟಿನಲ್ಲಿ ಏನನ್ನು ನೋಡುವುದೆಂದು ಅದನ್ನು ತೆಗೆಯಲಾಗದವನು ಹೇಗೆ ತಿಳಿದಾನು? ದೇಶದಾದ್ಯಂತ ಆಕ್ಷೇಪ ಎದ್ದಿತು. ಡಿಸೆಂಬರ್ 2ರಂದು ಸಚಿವ ಜ್ಯೋತಿರಾದಿತ್ಯ ಸಿಂಧಿಯಾ ಅವರು ಬೇಡವಾದವರು ಅದನ್ನು ಅಳಿಸಬಹುದೆಂದರು. ಮರುದಿನ ಕಡ್ಡಾಯದ ಆದೇಶವೇ ಹಿಂದಕ್ಕೆ ಹೋಯಿತು. ತಪ್ಪನ್ನು ಬೇಗ ತಿದ್ದಿಕೊಂಡದ್ದು ಮೆಚ್ಚತಕ್ಕದ್ದು. ಆದರೂ ಅಂತಹ ಆದೇಶವನ್ನು ಮೊದಲು ಬರೆಯುವಾಗ, ಇದು ಪ್ರಜೆಯ ಸ್ವಂತ ವಸ್ತುವಲ್ಲವೇ ಎಂಬ ಅಳುಕು ಬರೆದವರನ್ನು ಕಾಡದೆ ಹೋದದ್ದೇಕೆ?

ಆ ಅಳುಕನ್ನು ಕಾನೂನಾಗಿಸಿದವರಲ್ಲಿ ನಮ್ಮ ನಾಡಿನವರೊಬ್ಬರಿದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, ಎಂಬತ್ತರ ಇಳಿವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದಲ್ಲಿ ಖಾಸಗಿತನವೆಂಬ ಮೂಲಭೂತ ಹಕ್ಕೇ ಇಲ್ಲವೆಂದು ಸರ್ಕಾರ ವಾದಿಸಿತು. 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ, ಆ ಹಕ್ಕು ಜೀವಿಸುವ ಹಕ್ಕಿನೊಳಗೇ ಅಡಗಿದೆಯೆಂದು ತೀರ್ಪಿತ್ತಿತು. ಪ್ರಜೆಯ ಖಾಸಗಿತನದೊಳಗೆ ಸರ್ಕಾರ ಕಾಲಿಡಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಹಸ್ತಕ್ಷೇಪವಿರಬೇಕು. 2024ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಅವರ ಹೆಸರಿನ ತೀರ್ಪು ಮಾತ್ರ ಇಂತಹ ಪ್ರತಿಯೊಂದು ವಿವಾದದಲ್ಲೂ ಉಲ್ಲೇಖಗೊಳ್ಳುತ್ತಿದೆ. ಸ್ವಚ್ಛ ಗಾಳಿಯ ಹಕ್ಕನ್ನು ನ್ಯಾಯಾಲಯವು 1991ರಲ್ಲಿ ಕಂಡುಕೊಂಡದ್ದೂ ಅದೇ 21ನೇ ವಿಧಿಯಲ್ಲಿ ಎಂಬುದನ್ನು ಗಮನಿಸಿದರೆ, ಗಾಳಿಯ ಸುದ್ದಿ ಮತ್ತು ಮೊಬೈಲಿನ ಸುದ್ದಿ ಒಂದೇ ಎಂದು ನಾವು ಮೇಲೆ ಬರೆದುದರ ಅರ್ಥ ಇನ್ನಷ್ಟು ಸ್ಪಷ್ಟವಾದೀತು.

ನೋಡುವ ಕಣ್ಣೆಲ್ಲವೂ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. 2025ರ ಜುಲೈ 1ರಿಂದ ದೆಹಲಿಯ ಪೆಟ್ರೋಲ್ ಬಂಕುಗಳಲ್ಲಿ ನಂಬರ್ ಪ್ಲೇಟ್ ಗುರುತಿಸುವ ಕ್ಯಾಮೆರಾಗಳು ಹಳೆಯ ವಾಹನಗಳನ್ನು ಪತ್ತೆಹಚ್ಚತೊಡಗಿದವು. 10 ವರ್ಷ ದಾಟಿದ ಡೀಸೆಲ್ ವಾಹನಕ್ಕೂ 15 ವರ್ಷ ದಾಟಿದ ಪೆಟ್ರೋಲ್ ವಾಹನಕ್ಕೂ ಇಂಧನವಿಲ್ಲವೆಂಬ ನಿಯಮವದು. ಜನರ ಕೋಪ, ತಾಂತ್ರಿಕ ತೊಡಕುಗಳ ನಡುವೆ ಕೆಲವೇ ದಿನಗಳಲ್ಲಿ ಅದನ್ನು ಮುಂದೂಡಿದರು. ವಾಹನದ ವಯಸ್ಸನ್ನಷ್ಟೇ ನೋಡಿ ಅದು ಉಗುಳುವ ಹೊಗೆಯನ್ನು ನೋಡದ ನಿಯಮದಲ್ಲಿ ಲೋಪವಿತ್ತು, ನಿಜ. ಆದರೆ ಮಾಲಿನ್ಯದ ಮೂಲವನ್ನು ಹುಡುಕಲು ಹೊರಟ ಕ್ಯಾಮೆರಾ ಬಾಳಿದ್ದು ಬಹಳ ಕಡಿಮೆ ದಿನ.

ಮತ್ತೊಂದು ಕಿಟಕಿಯ ವಿಚಾರವೂ ಇದೆ. ನವೆಂಬರ್ ಮಧ್ಯಭಾಗದಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ನಿಯಮಗಳು ಪ್ರಕಟವಾದವು. ಅದರೊಡನೆಯೇ ಮಾಹಿತಿ ಹಕ್ಕು ಕಾಯ್ದೆಗೆ ಮಾಡಿದ್ದ ತಿದ್ದುಪಡಿಯೂ ಜಾರಿಗೆ ಬಂದು, ‘ವೈಯಕ್ತಿಕ ಮಾಹಿತಿ’ ಎಂಬ ಒಂದೇ ಮಾತಿನಿಂದ ಅಧಿಕಾರಿ ಅರ್ಜಿಯನ್ನು ತಿರಸ್ಕರಿಸುವ ದಾರಿ ಅಗಲವಾಯಿತು. ಕಾರ್ಖಾನೆಯ ತಪಾಸಣೆಗೆ ಯಾರು ಹೋಗಿದ್ದರು, ಏನು ಬರೆದರು ಎಂದು ಕೇಳುವ ಹಳ್ಳಿಯ ಅರ್ಜಿದಾರನಿಗೆ ಇದರಿಂದ ತೊಡಕಾಗುವ ಸಂಭವವಿದೆ. ಪ್ರಜೆಯು ಸರ್ಕಾರವನ್ನು ನೋಡುವ ಕಿಟಕಿ ಕಿರಿದಾಗುತ್ತ ಹೋಗುವುದನ್ನು ಯಾವ ಪಕ್ಷದ ಸರ್ಕಾರವಿದ್ದರೂ ಒಪ್ಪಲಾಗದು.

ಕೇಳಿದರೆ ಆಗುವುದಿಲ್ಲವೆಂದೇನೂ ಇಲ್ಲ. 2025ರ ಫೆಬ್ರವರಿ 24ರಂದು ಕೊಪ್ಪಳದಲ್ಲಿ, ಊರಿಗೆ ಅಂಟಿಕೊಂಡೇ ಬರಲಿದ್ದ ಬೃಹತ್ ಉಕ್ಕಿನ ಕಾರ್ಖಾನೆಯ ವಿರುದ್ಧ ಜನಸಾಗರ ಸೇರಿತು. ಗವಿಮಠದ ಪೂಜ್ಯ ಶ್ರೀಗಳು ಮಕ್ಕಳ ಆರೋಗ್ಯವನ್ನು ನೆನೆದು ಗದ್ಗದಿತರಾಗಿ ಮಾತನಾಡಿದರು. ಕೆಲಸ ನಿಲ್ಲಿಸುವಂತೆ ಮುಖ್ಯಮಂತ್ರಿಗಳು ಬಳಿಕ ಸೂಚಿಸಿದರು. ಅಲ್ಲಿನ ಹೋರಾಟ ಅದರಿಂದ ಮುಗಿಯಲಿಲ್ಲ. ಆದರೆ ದೂಳಿನ ಬಗ್ಗೆ ಮಾತನಾಡಿದವರನ್ನು ಬಸ್ಸಿಗೆ ತುಂಬದೆ, ಅವರ ಮಾತನ್ನು ಕೇಳಿಸಿಕೊಳ್ಳುವುದೂ ಆಡಳಿತಕ್ಕೆ ಸಾಧ್ಯವೆಂಬುದು ಅಂದು ಕಂಡಿತು.

ಕೊನೆಯದಾಗಿ ಒಂದು ಉಪಯುಕ್ತ ಸಂಗತಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯದೇ ಆದ ‘ಸಮೀರ್’ ಎಂಬ ಆ್ಯಪ್ ಒಂದಿದೆ. ಮಾಪನ ಕೇಂದ್ರವಿರುವ ಯಾವುದೇ ಊರಿನ ಗಾಳಿಯ ಸೂಚ್ಯಂಕವನ್ನು ಅದರಲ್ಲಿ ನೋಡಬಹುದು, ಕಸ ಸುಡುವವರ, ಹೊಗೆಯುಗುಳುವ ಘಟಕಗಳ ಮೇಲೆ ದೂರನ್ನೂ ಸಲ್ಲಿಸಬಹುದು. ದೆಹಲಿಯಲ್ಲಿ ಮಕ್ಕಳಿರುವ ಹಿರಿಯರು ಅದನ್ನು ಇಳಿಸಿಕೊಂಡು ಬೆಳಗಿನ ವಾಯುವಿಹಾರಕ್ಕೆ ಹೊರಡುವ ಮೊದಲು ನೋಡಿರೆಂದು ಅವರಿಗೆ ತಿಳಿಸಬಹುದು. ಎಲ್ಲ ಹೊಸ ಮೊಬೈಲುಗಳಲ್ಲಿ ಇದು ಮೊದಲೇ ಇರಬೇಕೆಂಬ ಆದೇಶವನ್ನು ನಾವಿನ್ನೂ ಕೇಳಿಲ್ಲ.