ಬೆಂಚಿನ ಮೇಲೆ ಕೂರಿಸಿದರೂ ಸಂಬಳ ತಪ್ಪದು

2025ರ ಸೆಪ್ಟೆಂಬರ್ 19ರಂದು ಹೊರಬಿದ್ದ 1 ಲಕ್ಷ ಡಾಲರ್ ವೀಸಾ ಶುಲ್ಕದ ಸುದ್ದಿಯ ಅಬ್ಬರದಲ್ಲಿ, ಅದೇ ದಿನದ ಇನ್ನೊಂದು ಪ್ರಕಟಣೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಬೀಳಲಿಲ್ಲ. ಎಚ್‌-1ಬಿ ನೌಕರರನ್ನು ಇಟ್ಟುಕೊಂಡ ಕಂಪನಿಗಳ ಮೇಲೆ ಅಮೆರಿಕದ ಕಾರ್ಮಿಕ ಇಲಾಖೆ ‘ಪ್ರಾಜೆಕ್ಟ್ ಫೈರ್‌ವಾಲ್’ ಹೆಸರಿನ ತನಿಖಾ ಅಭಿಯಾನ ಆರಂಭಿಸಿತು. ದೂರು ಬರುವವರೆಗೆ ಕಾಯದೆ, ಕಾರ್ಮಿಕ ಕಾರ್ಯದರ್ಶಿಯೇ ಸ್ವತಃ ದೃಢೀಕರಿಸಿ ತನಿಖೆ ಆರಂಭಿಸುವ ಅಧಿಕಾರವನ್ನೂ ಬಳಸುವುದಾಗಿ ಇಲಾಖೆ ಹೇಳಿತು.

ಇದು ನಮಗೆ ದೂರದ ವಿಷಯವಲ್ಲ. ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾದ ಕನ್ನಡ ಕೂಟಗಳಲ್ಲಿ ಯುಗಾದಿ ಊಟಕ್ಕೆ ಒಂದೇ ಪಂಕ್ತಿಯಲ್ಲಿ ಕೂತವರಲ್ಲಿ ಹತ್ತಿಪ್ಪತ್ತು ಜನರ ಕನ್ಸಲ್ಟೆನ್ಸಿ ನಡೆಸುವವರೂ ಇರುತ್ತಾರೆ, ಅಂಥ ಕಂಪನಿಯಲ್ಲಿ ಪ್ರಾಜೆಕ್ಟ್‌ಗೆ ಕಾಯುತ್ತಿರುವ ಹುಡುಗರೂ ಇರುತ್ತಾರೆ. ಸಂಬಳದ ಚೀಟಿಯ ಎರಡೂ ಕಡೆ ನಮ್ಮವರೇ.

‘ಬೆಂಚ್’ ಎಂಬುದು ನಾವು ಬೆಂಗಳೂರಿನಿಂದಲೇ ಕೊಂಡೊಯ್ದ ಪದ. ಅಲ್ಲಿನ ದೊಡ್ಡ ಕಂಪನಿಗಳಲ್ಲಿ ಬೆಂಚಿನ ಮೇಲಿದ್ದರೂ ತಿಂಗಳ ಕೊನೆಗೆ ಸಂಬಳ ಬರುತ್ತಿತ್ತು. ಅಮೆರಿಕದ ಸಣ್ಣ ಕನ್ಸಲ್ಟೆನ್ಸಿಗಳಲ್ಲಿ ಈ ಪದದ ಅರ್ಥ ಬದಲಾಯಿತು: ಪ್ರಾಜೆಕ್ಟ್ ಇಲ್ಲ, ಆದ್ದರಿಂದ ಸಂಬಳವೂ ಇಲ್ಲ. ಕಾನೂನು ಇದನ್ನು ಒಪ್ಪುವುದೇ ಇಲ್ಲ. ಎಚ್‌-1ಬಿ ಅರ್ಜಿಗೆ ಮೊದಲು ಕಂಪನಿ ಸಲ್ಲಿಸುವ ಎಲ್‌ಸಿಎ ಪತ್ರದಲ್ಲಿ ಒಪ್ಪಿಕೊಂಡ ವೇತನವನ್ನು, ಕೆಲಸ ಹುಡುಕಿಕೊಡಲು ಕಂಪನಿಗೆ ಆಗದ ದಿನಗಳಿಗೂ ಕೊಡಲೇಬೇಕು. ವಿನಾಯಿತಿ ಇರುವುದು ನೌಕರನೇ ಸ್ವಂತ ಕಾರಣಕ್ಕೆ ರಜೆ ಕೇಳಿದಾಗ ಅಥವಾ ಕೆಲಸ ಮಾಡುವ ಸ್ಥಿತಿಯಲ್ಲೇ ಇಲ್ಲದಾಗ.

ಈ ವಿನಾಯಿತಿಯೇ ಕಳ್ಳದಾರಿಯೂ ಆಗಿದೆ. “ಹೇಗೂ ಪ್ರಾಜೆಕ್ಟ್ ಇಲ್ಲವಲ್ಲ, ಒಂದೆರಡು ತಿಂಗಳು ಊರಿಗೆ ಹೋಗಿ ಬಾ. ವೈಯಕ್ತಿಕ ಕಾರಣಕ್ಕೆ ರಜೆ ಅಂತ ಒಂದು ಮೇಲ್ ಹಾಕಿಬಿಡು” ಎಂಬ ಸಲಹೆ ಎಷ್ಟು ಜನರಿಗೆ ಪರಿಚಿತವೆಂದು ನಾವು ಬಿಡಿಸಿ ಹೇಳಬೇಕಿಲ್ಲ. ತನಿಖಾಧಿಕಾರಿ ನೋಡುವುದು ಮೇಲ್ ಅನ್ನು ಮಾತ್ರವಲ್ಲ. ರಜೆಯ ವಿಚಾರವನ್ನು ಮೊದಲು ಎತ್ತಿದವರು ಯಾರು, ಆ ಹೊತ್ತಿಗೆ ಪ್ರಾಜೆಕ್ಟ್ ಇತ್ತೇ ಎಂಬುದನ್ನೂ ನೋಡುತ್ತಾರೆ. ಅದಕ್ಕೆ ಮುಂಚಿನ ವಾಟ್ಸ್ಆ್ಯಪ್ ಮಾತುಕತೆ ಬಹಳಷ್ಟು ಸಲ ಎಲ್ಲವನ್ನೂ ಬಯಲು ಮಾಡುತ್ತದೆ.

ಈ ಸರ್ಕಾರ ಮಾಲೀಕರ ಪರ, ಆದ್ದರಿಂದ ವೇತನ ಕಾನೂನು ಸಡಿಲವಾಗುತ್ತದೆ ಎಂಬ ನಂಬಿಕೆ ನಮ್ಮ ಉದ್ಯಮಿಗಳಲ್ಲಿದೆ. ಇದು ಅರ್ಧ ಸತ್ಯ. ಓವರ್‌ಟೈಮ್ ಬಾಕಿ ಉಳಿಸಿಕೊಂಡ ಮಾಲೀಕರು ತಾವೇ ಲೆಕ್ಕ ತಪಾಸಣೆ ಮಾಡಿ, ದುಪ್ಪಟ್ಟು ಪರಿಹಾರ ಕೊಡದೆ ಬರೀ ಬಾಕಿ ತೀರಿಸಿ ಪಾರಾಗುವ ‘ಪೇಯ್ಡ್’ ಯೋಜನೆಗೆ 2025ರ ಜುಲೈನಲ್ಲಿ ಮರುಚಾಲನೆ ಸಿಕ್ಕಿತು. ಮೋಟೆಲ್ ಅಥವಾ ದಿನಸಿ ಅಂಗಡಿ ನಡೆಸುವವರಿಗೆ ಇದು ಅನುಕೂಲವೇ. ಆದರೆ ಎಚ್‌-1ಬಿ ವೇತನ ನಿಯಮಕ್ಕೆ ಒಳಪಟ್ಟ ನೌಕರರಿಗಾಗಲಿ, ಫೆಡರಲ್ ಗುತ್ತಿಗೆಯ ನಿಗದಿತ ವೇತನ ಪಡೆಯುವವರಿಗಾಗಲಿ ಈ ಯೋಜನೆ ಅನ್ವಯಿಸುವುದಿಲ್ಲ. ನಮ್ಮ ಕನ್ಸಲ್ಟೆನ್ಸಿಗಳು ಹೆಚ್ಚಾಗಿ ಇರುವುದು ಈ ಬಾಗಿಲು ಮುಚ್ಚಿದ ಕಡೆಯಲ್ಲೇ.

ಫೆಡರಲ್ ಗುತ್ತಿಗೆಯ ವಿಷಯದಲ್ಲೂ ಇಂಥದ್ದೇ ಗೊಂದಲವಿದೆ. ಗುತ್ತಿಗೆದಾರರು ಕೊಡಬೇಕಾದ ಕನಿಷ್ಠ ವೇತನವನ್ನು ಏರಿಸಿದ್ದ ಬೈಡನ್ ಆದೇಶವನ್ನು ಟ್ರಂಪ್ 2025ರ ಮಾರ್ಚ್‌ನಲ್ಲಿ ರದ್ದುಪಡಿಸಿದರು. ಆದರೆ 1965ರ ಸರ್ವಿಸ್ ಕಾಂಟ್ರ್ಯಾಕ್ಟ್ ಕಾಯ್ದೆ ಸಂಸತ್ತು ಮಾಡಿದ್ದು. ಅದು ಹಾಗೇ ಇದೆ. ಅದರ ವ್ಯಾಪ್ತಿಯ 2,500 ಡಾಲರ್ ಮೀರಿದ ಸೇವಾ ಗುತ್ತಿಗೆಗಳಲ್ಲಿ ಊರು ಮತ್ತು ಹುದ್ದೆಗೆ ತಕ್ಕಂತೆ ಇಲಾಖೆ ಗೊತ್ತುಪಡಿಸಿದ ವೇತನ ಕೊಡಬೇಕು. ಆರೋಗ್ಯ ಮುಂತಾದ ಸೌಲಭ್ಯಗಳಿಗೆ ಗಂಟೆ ಲೆಕ್ಕದಲ್ಲಿ ಪ್ರತ್ಯೇಕ ಮೊತ್ತವೂ ಇದೆ. ಸೌಲಭ್ಯ ಕೊಡದಿದ್ದರೆ ಆ ಮೊತ್ತವನ್ನು ನಗದಾಗಿ ಕೊಡಬೇಕೇ ಹೊರತು ವೇತನದಲ್ಲೇ ಸೇರಿದೆ ಎನ್ನುವಂತಿಲ್ಲ. ಉಪಗುತ್ತಿಗೆದಾರ ಕಡಿಮೆ ಕೊಟ್ಟರೆ ಮುಖ್ಯ ಗುತ್ತಿಗೆದಾರನೂ ಹೊಣೆ. ಉಲ್ಲಂಘಿಸಿದರೆ 3 ವರ್ಷ ಫೆಡರಲ್ ಗುತ್ತಿಗೆಯಿಂದಲೇ ಹೊರಗಿಡಬಹುದು. (ರಾಜ್ಯ ಸರ್ಕಾರಗಳ ಪ್ರಾಜೆಕ್ಟ್‌ಗಳಿಗೆ ಈ ಕಾಯ್ದೆ ತಗಲುವುದಿಲ್ಲ, ಅಲ್ಲಿ ಆಯಾ ರಾಜ್ಯದ ಕಾನೂನು.)

ಪ್ರೋಗ್ರಾಮರ್‌ಗಳು ಸಾಮಾನ್ಯವಾಗಿ ಈ ಕಾಯ್ದೆಯ ಹೊರಗಿರುತ್ತಾರೆ. ಸಿಕ್ಕಿಬೀಳುವುದು ಹೆಲ್ಪ್‌ಡೆಸ್ಕ್, ಡೇಟಾ ಎಂಟ್ರಿಯಂಥ ಕೆಲಸಗಳು. ಕಂಪ್ಯೂಟರ್ ಮುಂದೆ ಕೂತವರೆಲ್ಲ ‘ಕಂಪ್ಯೂಟರ್ ವೃತ್ತಿಪರ’ರಾಗುವುದಿಲ್ಲ. ವಾರ್ಷಿಕ ಸಂಬಳ ಎಂದ ಮಾತ್ರಕ್ಕೆ ಓವರ್‌ಟೈಮ್ ಇಲ್ಲ ಎಂದೂ ಅಲ್ಲ.

ಒಂದು ಲೆಕ್ಕ ಹಾಕೋಣ. ಹೆಲ್ಪ್‌ಡೆಸ್ಕ್ ನೌಕರನಿಗೆ ವರ್ಷಕ್ಕೆ 52,000 ಡಾಲರ್, ಅಂದರೆ ವಾರದ 40 ಗಂಟೆಗೆ 1,000 ಡಾಲರ್, ಗಂಟೆಗೆ 25. ಆತ ವಾರಕ್ಕೆ 50 ಗಂಟೆ ದುಡಿದರೆ ಹೆಚ್ಚಿನ 10 ಗಂಟೆಗೆ ಒಂದೂವರೆ ಪಟ್ಟಿನ ದರದಲ್ಲಿ 375 ಡಾಲರ್ ಬಾಕಿ. ವರ್ಷದಲ್ಲಿ 50 ವಾರ ಎಂದುಕೊಂಡರೂ ಎರಡು ವರ್ಷಕ್ಕೆ 37,500. ಕೋರ್ಟ್ ಮೆಟ್ಟಿಲೇರಿದರೆ ಅಷ್ಟೇ ಮೊತ್ತದ ಪರಿಹಾರ ಸೇರಿ 75,000 ಆಗಬಹುದು, ಮೇಲೆ ವಕೀಲರ ಫೀಜು. ಉದ್ದೇಶಪೂರ್ವಕ ತಪ್ಪೆಂದು ಸಾಬೀತಾದರೆ ಮೂರನೇ ವರ್ಷದ ಬಾಕಿಯೂ ಕೂಡುತ್ತದೆ. ಇದು ಒಬ್ಬ ನೌಕರನ ಲೆಕ್ಕ.

ನೌಕರರು ಬಾಯಿ ಬಿಡದಿರುವುದಕ್ಕೆ ಕಾರಣ ವೀಸಾ ಭಯ. ಆ ಭಯ ಸುಳ್ಳಲ್ಲ. ಕೆಲಸ ಹೋದರೆ ಉಳಿಯುವುದು ಹೆಚ್ಚೆಂದರೆ 60 ದಿನ. ಆದರೆ ದೂರು ಕೊಟ್ಟವನ ಮೇಲೆ ಸೇಡು ತೀರಿಸುವುದೂ ಕಾನೂನುಬಾಹಿರ. ಎಲ್‌ಸಿಎ ಪ್ರತಿಯನ್ನು ಕೆಲಸಕ್ಕೆ ಸೇರುವ ದಿನದೊಳಗೆ ನೌಕರನಿಗೆ ಕೊಡಬೇಕು. ಕೈಗೆ ಬರದಿದ್ದರೆ ಕೇಳಿ ಪಡೆಯಿರಿ. ಡಬ್ಲ್ಯುಎಚ್‌-4 ನಮೂನೆಯ ದೂರಿಗೆ ಕೊನೆಯ ಉಲ್ಲಂಘನೆಯಿಂದ 12 ತಿಂಗಳ ಗಡುವಿದೆ. ‘ಪ್ರಾಜೆಕ್ಟ್ ಸಿಕ್ಕಮೇಲೆ ಒಟ್ಟಿಗೆ ಕೊಡುತ್ತೇನೆ’ ಎಂಬ ಭರವಸೆಯಲ್ಲಿ ಆ ಅವಧಿ ಸದ್ದಿಲ್ಲದೆ ಕಳೆದುಹೋಗುತ್ತದೆ.

ಸಣ್ಣ ಕನ್ಸಲ್ಟೆನ್ಸಿಯ ಕಷ್ಟವೂ ನಮಗೆ ಗೊತ್ತು. ಪ್ರಾಜೆಕ್ಟ್ ನಿಂತಾಗ ಮೂವರಿಗೆ ಕೂತಲ್ಲೇ ಸಂಬಳ ಕೊಟ್ಟರೆ ಕಂಪನಿಯೇ ಮುಳುಗಬಹುದು. ಹಾಗಿದ್ದರೆ ನಿಯಮದ ಪ್ರಕಾರ ಕೆಲಸದಿಂದ ಬಿಡುಗಡೆ ಮಾಡಬೇಕು: ನೌಕರನಿಗೆ ತಿಳಿಸಬೇಕು, ವಲಸೆ ಇಲಾಖೆಗೆ ಪತ್ರ ಬರೆಯಬೇಕು, ಊರಿಗೆ ಮರಳುವ ಪ್ರಯಾಣ ವೆಚ್ಚ ಕೊಡಲು ಮುಂದಾಗಬೇಕು. “ನಾಳೆಯಿಂದ ಬರಬೇಡ” ಎಂದು ಬರೀ ಫೋನಿನಲ್ಲಿ ಹೇಳಿ ಸುಮ್ಮನಾದ ಮಾಲೀಕನ ಲೆಕ್ಕದಲ್ಲಿ, ವಲಸೆ ಇಲಾಖೆಗೆ ಆ ಪತ್ರ ಹೋಗದ ಒಂದೊಂದು ತಿಂಗಳೂ ಸಂಬಳದ ಬಾಕಿಯಾಗಿಯೇ ಬೆಳೆಯುತ್ತಿರಬಹುದು.